ತಂಗಿಯ ಹೆಸರಿನ ಡಬ್ಬಿಯಲ್ಲಿ ನನ್ನ ಕಫ

ನಾನು ಓದಿದ್ದು ಏಳನೇ ಕ್ಲಾಸಿನ ತನಕ. ರಿಪ್ಪನ್‌ಪೇಟೆಯಲ್ಲಿ ಲಗೇಜ್ ಆಟೊ ಓಡಿಸುತ್ತೇನೆ. ಗಂಡ ತೀರಿಕೊಂಡ ಮೇಲೆ ತಂಗಿ ತನ್ನ ಮಗುವನ್ನು ಕರೆದುಕೊಂಡು ನನ್ನ ಮನೆಗೇ ಬಂದಿದ್ದಳು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಕೆಮ್ಮು ಶುರುವಾಗಿ ಬಿಡದೇ ಇದ್ದಾಗ ಆಸ್ಪತ್ರೆಗೆ ತೋರಿಸಿದೆವು. ಅವರು ಒಂದು ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ಕಫ ತನ್ನಿ, ಕ್ಷಯ ಇದೆಯೋ ಇಲ್ಲವೋ ನೋಡುತ್ತೇವೆ ಎಂದರು.

ಅವಳದು ಒಣ ಕೆಮ್ಮು. ಬಚ್ಚಲಿನಲ್ಲಿ ನಿಂತು ಎಷ್ಟು ಕೆಮ್ಮಿದರೂ ಬರೀ ಎಂಜಲು. ನನಗೆ ಸಾಗರಕ್ಕೆ ಬಾಡಿಗೆ ಇತ್ತು, ಹೊತ್ತಾಗುತ್ತಿತ್ತು. ಡಬ್ಬಿ ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಆಟೊ ನಿಲ್ಲಿಸಿ ನಾನೇ ಕೆಮ್ಮಿದೆ. ಬೀಡಿ ಸೇದುವ ಎದೆಯಲ್ಲಿ ಕಫಕ್ಕೆ ಬರವಿರಲಿಲ್ಲ. ಒಂದೇ ಮನೆ, ಒಂದೇ ಬಾವಿಯ ನೀರು, ಅವಳಿಗಿದ್ದದ್ದು ನನಗೂ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡು, ಅವಳ ಹೆಸರು ಬರೆದ ಡಬ್ಬಿಯನ್ನು ಕೊಟ್ಟು ಹೋದೆ.

ಏನೂ ಇಲ್ಲ ಎಂದು ರಿಪೋರ್ಟ್ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ. ಅಡಿಕೆ ಸಿಪ್ಪೆಯ ಧೂಳಿಗೆ ಬಂದ ಕೆಮ್ಮು ಎಂದುಕೊಂಡು ಸಿರಪ್ ಕುಡಿಸಿದೆವು. ಮಳೆ ಹಿಡಿಯುವಷ್ಟರಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ದಿನಾ ಸಂಜೆ ಜ್ವರ.

ಮತ್ತೆ ಆಸ್ಪತ್ರೆಗೆ ತೋರಿಸಿದಾಗ ಎಕ್ಸ್‌ರೇ ತೆಗೆದು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲೂ ಕಫ ಬರಲಿಲ್ಲ. ಬ್ರಾಂಕೋಸ್ಕೊಪಿ ಮಾಡಬೇಕು ಎಂದರು. ಮೂಗಿನಿಂದ ಕ್ಯಾಮೆರಾ ಇರುವ ಸಣ್ಣ ನಳಿಗೆ ಇಳಿಸಿ, ಶ್ವಾಸಕೋಶಕ್ಕೆ ನೀರು ಬಿಟ್ಟು, ಅದನ್ನು ವಾಪಸ್ ಎಳೆದು ಪರೀಕ್ಷೆ ಮಾಡುತ್ತಾರಂತೆ.

“ಎಂತ ಅಣ್ಣಯ್ಯ, ಬಾವಿಗೆ ಮೋಟ್ರು ಇಳಿಸ್ದಂಗೆ ಇಳಿಸ್ತಾರಾ?” ಎಂದು ತಂಗಿ ನಕ್ಕಳು. ನಗುವಾಗಲೇ ಕೆಮ್ಮು ಹತ್ತಿತು.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಮೊದ್ಲು ಕೊಟ್ಟ ಕಫದಲ್ಲಿ ಕ್ಷಯ ಇಲ್ಲ ಅಂತ ಬಂದಿದೆ. ಹಾಗಾಗಿ ಕ್ಯಾನ್ಸರ್ ಇರಬಹುದಾ ಅಂತಾನೂ ನೋಡ್ಬೇಕಾಗತ್ತೆ.”

ನಾನು ಹೇಳಿಬಿಟ್ಟೆ. “ಮೇಡಂ, ಅದು ಅವಳ ಕಫ ಅಲ್ಲ. ನಂದು.”

ಅವರು ಕೂಗಾಡಲಿಲ್ಲ. “ಬರ್ತಿಲ್ಲ ಅಂತ ಖಾಲಿ ಡಬ್ಬಿ ವಾಪಸ್ ಕೊಟ್ಟಿದ್ರೂ ಅವತ್ತೇ ಬೇರೆ ದಾರಿ ಹುಡುಕ್ತಿದ್ರು. ನೀವು ದಾರಿನೇ ಮುಚ್ಚಿಬಿಟ್ರಿ,” ಎಂದು ಒಳಗೆ ಹೋದರು.

ಗಂಟಲು ಮರಗಟ್ಟಿಸುವ ಔಷಧಿ ಹೊಡೆದು ತಂಗಿಯನ್ನು ಕರೆದೊಯ್ದರು. ಹೊರಗೆ ಬಂದವಳು ಸನ್ನೆಯಲ್ಲಿ ನೀರು ಕೇಳಿದಳು. ಗಂಟಲ ಜೋಮು ಬಿಡುವವರೆಗೆ ಕೊಡುವಂತಿರಲಿಲ್ಲ. ಸುಮ್ಮನೆ ಅವಳ ಬೆನ್ನು ಸವರುತ್ತಾ ಕೂತೆ.

ಎದೆಯಿಂದ ತೆಗೆದ ಆ ನೀರಿನಲ್ಲಿ ಕ್ಷಯವೇ ಸಿಕ್ಕಿತು. ಮಾತ್ರೆಗೆ ವಾಸಿಯಾಗುತ್ತದೆ, ಆದರೆ ಬಲಗಡೆ ಕೆಟ್ಟುಹೋದ ಭಾಗ ಮೊದಲಿನಂತಾಗುವುದಿಲ್ಲ ಎಂದರು.

ಊರಿಗೆ ಬಸ್ ಕಾಯುತ್ತಾ ಕೂತಾಗ ಅವಳಿಗೆ ಎಲ್ಲ ಹೇಳಿದೆ. ಬೈಯಲಿ ಎಂದೇ ಹೇಳಿದೆ. ಅವಳು ಕೇಳಿದಳು:

“ಮಗು ಅಷ್ಟು ದಿನಾನೂ ನನ್ ಪಕ್ಕದಲ್ಲೇ ಮಲಗ್ತಿತ್ತಲ್ಲ ಅಣ್ಣಯ್ಯ? ನಂಗೇನೂ ಇಲ್ಲ ಅಂತ ತಾನೆ ಮಲಗಿಸ್ಕೊಂಡಿದ್ದು?”

ನನಗೆ ಅದು ಹೊಳೆದೇ ಇರಲಿಲ್ಲ.

ಮಗುವಿನ ಎಕ್ಸ್‌ರೇಯಲ್ಲಿ ತೊಂದರೆ ಕಾಣಲಿಲ್ಲ. ಆದರೂ ಮುಂದೆ ಬಾರದಿರಲೆಂದು ಮಾತ್ರೆ ಕೊಟ್ಟಿದ್ದಾರೆ. ಬಾಡಿಗೆಗೆ ಹೋಗುವ ಮುಂಚೆ ನಾನೇ ನುಂಗಿಸುತ್ತೇನೆ. ನುಂಗಿತು ಎಂದು ನಾನು ಹೇಳಿದರೆ ತಂಗಿಗೆ ಸಾಲುವುದಿಲ್ಲ. ಒಳಗಿಂದ ಬಂದು, ಮಗುವಿನ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಾಳೆ.