ಗಿರಿಜತ್ತೆ ವಾಪಸ್ ಕೇಳಿದ ಮಾತು

ಕೆಲಸಕ್ಕೆ ಹೋಗುವ ದಿನ ಗಿರಿಜತ್ತೆ ಎರಡೂ ಕೈಗಳ ಬಳೆಗಳ ಮೇಲೆ ಹಳೆಯ ಪಂಚೆಯ ಪಟ್ಟಿ ಸುತ್ತಿಕೊಂಡು ಹೊರಡುತ್ತಿದ್ದರು. ನೋಡಿದವರಿಗೆ ಬಿಸಿ ಎಣ್ಣೆಯಲ್ಲಿ ಕೈ ಸುಟ್ಟುಕೊಂಡ ಹೆಂಗಸಿನ ಹಾಗೆ ಕಾಣುತ್ತಿತ್ತು. ಮಾಂಬಲಂ ಸ್ಟೇಷನ್ನಿನ ಹತ್ತಿರ ಹೂ ಮಾರುವ ಮುದುಕಿ ಹೊಸದರಲ್ಲಿ ಒಮ್ಮೆ ಅವರನ್ನು ತಡೆದು, "ಎನ್ನಮ್ಮಾ, ಕೈಲೆ ಪುಣ್ಣಾ?" ಎಂದು ಗಾಯ ವಿಚಾರಿಸಿದ್ದಳಂತೆ. "ಇಲ್ಲೆ ಪಾಟ್ಟಿ, ಅಳಪ್ಪೋರೇನ್" ಎಂದರಂತೆ ಇವರು. ಇಲ್ಲಜ್ಜಿ, ಅಳುವುದಕ್ಕೆ ಹೋಗುತ್ತಿದ್ದೇನೆ!

ಅದು ಸುಳ್ಳಲ್ಲ. ಆಗ ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಸಂಸಾರದ ಸಿನಿಮಾಗಳಲ್ಲಿ ಅಳುವ ಮಗು ಒಂದಿದ್ದರೆ, ಆ ಅಳು ಬಹುಮಟ್ಟಿಗೆ ಗಿರಿಜತ್ತೆಯದೇ. ಕ್ಯಾಮೆರಾದ ಮುಂದೆ ಯಾವುದೋ ಚಂದದ ಮಗು ಬಾಯಿ ಅಲ್ಲಾಡಿಸಿ ಹೋಗಿರುತ್ತಿತ್ತು. ಆಮೇಲೆ ಕತ್ತಲ ಕೋಣೆಯಲ್ಲಿ ಚಿತ್ರದ ಅದೇ ತುಣುಕನ್ನು ಮತ್ತೆ ಮತ್ತೆ ತೆರೆಯ ಮೇಲೆ ಓಡಿಸುತ್ತಿದ್ದರು. ಇವರು ಮೈಕಿನ ಮುಂದೆ ನಿಂತು ಆ ಪುಟ್ಟ ಬಾಯಿಗೆ ಸರಿಯಾಗಿ ಬಿಕ್ಕಬೇಕು. ಬಳೆ ಸದ್ದಾದರೆ ಕೆಲಸ ಕೆಟ್ಟಿತು. ಬಳೆ ಕಳಚಿಡಬಹುದಲ್ಲ ಎಂದು ನಮ್ಮಮ್ಮ ಕೇಳಿದ್ದಕ್ಕೆ, "ಗಂಡ ಗಟ್ಟಿಯಾಗಿ ಇರುವಾಗ ಬರಿಗೈಯಲ್ಲಿ ನಿಂತು ಅಳುದಾ ಶಾರದಕ್ಕ? ನಮ್ಮವರು ಕೇಳಿದ್ರೆ ಹಾರ್ಮೋನಿಯಂ ಬಿಟ್ಟು ಓಡಿ ಬಂದಾರು" ಎಂದು ನಕ್ಕಿದ್ದರು. ಅವರ ಯಜಮಾನರು ಸ್ಟುಡಿಯೋದ ವಾದ್ಯವೃಂದದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರಿಗೆ ಮಕ್ಕಳಿರಲಿಲ್ಲ.

ಐವತ್ತರ ದಶಕದ ಮದರಾಸು. ಪಶ್ಚಿಮ ಮಾಂಬಲದಲ್ಲಿ ಒಂದು ಬಾವಿಯ ಸುತ್ತ ಆರು ಪೋರ್ಷನ್‌ಗಳಿದ್ದ ಮನೆ. ಅವರದು ನಮ್ಮ ಪಕ್ಕದ್ದು, ನಡುವೆ ಒಂದೇ ಗೋಡೆ. ಅಪ್ಪ ಪಾಂಡಿ ಬಜಾರಿನ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಗಿರಿಜತ್ತೆಯೂ ಉಡುಪಿಯ ಕಡೆಯವರೇ. ಎತ್ತರದ, ಅಗಲ ಭುಜದ ಹೆಂಗಸು. ಬಾವಿಕಟ್ಟೆಯಲ್ಲಿ ಮಾತಾಡಿದರೆ ಗಂಡು ದನಿ ಅನ್ನಬೇಕು. ಅದೇ ಅವರು ಗೋಡೆಗೆ ಮುಖ ತಿರುಗಿಸಿ ನಿಂತರೆಂದರೆ ಆರು ವರ್ಷದ ಮಗುವೊಂದು "ಅಮ್ಮಾ" ಎನ್ನುತ್ತಿತ್ತು. ನಾವು ಮಕ್ಕಳು ಸುತ್ತ ಹೋಗಿ ಅವರ ಬಾಯಿ ನೋಡುತ್ತಿದ್ದೆವು, ನಂಬಿಕೆಯಾಗದೆ.

ಒಮ್ಮೆ ನಮ್ಮನ್ನೆಲ್ಲ ಮ್ಯಾಟಿನಿಗೆ ಕರೆದುಕೊಂಡು ಹೋದರು. ಮಲತಾಯಿ ಮಗುವನ್ನು ಹೊರಗೆ ಹಾಕಿ ಬಾಗಿಲು ಹಾಕುವ ದೃಶ್ಯ. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಇಡೀ ಹೆಂಗಸರ ಸಾಲು ಮೂಗು ಸೀಟುತ್ತಿತ್ತು. ಗಿರಿಜತ್ತೆ ಮಾತ್ರ ಕಡಲೆಕಾಯಿ ಸುಲಿಯುತ್ತ, ತೆರೆಯನ್ನು ಬಿಟ್ಟು ಜನರನ್ನು ನೋಡುತ್ತಿದ್ದರು. "ಎಂತ ಮಾಡುದು, ನಮ್ಮ ಪ್ರೊಡ್ಯೂಸರ್ ಹೇಳುದೇ ಹಾಗೆ," ಎಂದರು ಆಮೇಲೆ. "ಮಗು ನಕ್ಕರೆ ಸಿನಿಮಾ ನಡೀತದೆ, ಅತ್ತರೆ ಓಡ್ತದೆ ಅಂತ. ನಗುವ ಮಗುವಿನ ಕೆಲಸ ನಂಗೆ ವರ್ಷಕ್ಕೆ ಒಂದು ಸಿಕ್ಕಿದ್ರೆ ಪುಣ್ಯ."

ನನಗೆ ಒಂಬತ್ತು ವರ್ಷವಿದ್ದಾಗ, ಭಾನುವಾರ ಬೆಳಗಿನ ಮಕ್ಕಳ ಆಟಕ್ಕೆ ಮೊದಲು ಒಂದು ಚಿಕ್ಕ ಜಾಹೀರಾತು ಬರತೊಡಗಿತು. ಹಾಲಿಗೆ ಬೆರೆಸಿ ಕುಡಿಯುವ ಯಾವುದೋ ಪುಡಿಯದು. ನಾಲ್ಕು ಮಕ್ಕಳು ಲೋಟ ಹಿಡಿದು ಕುಡಿಯುತ್ತಿವೆ. ಐದನೆಯದು ಬಾಗಿಲಲ್ಲಿ ನಿಂತು ನೋಡುತ್ತಿದೆ. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮಾ, ಎನಕ್ಕು ಮಟ್ಟುಂ ಇಲ್ಲಿಯಾ?" ಅನ್ನುತ್ತದೆ. ನನಗೆ ಮಾತ್ರ ಇಲ್ಲವಾ? 'ಇಲ್ಲಿಯಾ' ಎನ್ನುವಾಗ ದನಿ ಒಂದು ಚೂರು ಒಡೆಯುತ್ತಿತ್ತು. ಅಷ್ಟೇ. ಕೊನೆಗೆ ಡಬ್ಬಿಯ ಚಿತ್ರ.

ಅದು ಯಾರ ದನಿಯೆಂದು ನಮಗೆ ಹೊಳೆಯಲಿಲ್ಲ. ಅವರೂ ಹೇಳಿರಲಿಲ್ಲ. ಆದರೆ ಬೀದಿಯ ಮಕ್ಕಳಿಗೆಲ್ಲ ಆ ಮಾತು ಬಾಯಿಪಾಠವಾಯಿತು. ನಾನು ಬಾವಿಕಟ್ಟೆಯ ಹಿಂದೆ ಕೂತು ದನಿ ಒಡೆಯುವುದನ್ನು ಅಭ್ಯಾಸ ಮಾಡಿ, ಒಂದು ಸಂಜೆ ಅಪ್ಪ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ಕನ್ನಡದಲ್ಲಲ್ಲ, ಸಿನಿಮಾದಲ್ಲಿದ್ದ ಹಾಗೆಯೇ ತಮಿಳಿನಲ್ಲಿ. ಅಪ್ಪ ತುತ್ತನ್ನು ಕೈಯಲ್ಲಿ ಹಿಡಿದು ಹಾಗೇ ಕೂತರು. ಆ ವಾರ ಡಬ್ಬಿ ಬಂತು. ಆ ವರ್ಷ ಅಪ್ಪ ಅಜ್ಜಿಯ ತಿಥಿಗೆ ಊರಿಗೆ ಹೋಗಲಿಲ್ಲ. ಎರಡಕ್ಕೂ ಸಂಬಂಧವಿದೆಯೆಂದು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ.

ಪುಡಿ ರುಚಿಯಾಗಿತ್ತು, ಬೇಗ ಮುಗಿಯಿತು. ಇನ್ನೊಂದು ಡಬ್ಬಿಗಾಗಿ ನಾನು ಅಮ್ಮನ ಮುಂದೆ ಮತ್ತೆ ಅದೇ ಮಾತು ಹಾಕಿದೆ. ಗೋಡೆಯಾಚೆ ಅಕ್ಕಿ ತೊಳೆಯುವ ಸದ್ದು ನಿಂತಿತು. ಗಿರಿಜತ್ತೆ ಒದ್ದೆ ಕೈಯಲ್ಲೇ ನಮ್ಮ ಬಾಗಿಲಿಗೆ ಬಂದರು.

"ಇನ್ನೊಮ್ಮೆ ಹೇಳು ನೋಡುವ" ಎಂದರು.

ಮೆಚ್ಚಿಕೊಂಡರೆಂದು ತಿಳಿದು ನಾನು ಇನ್ನೂ ಚೆನ್ನಾಗಿ ಹೇಳಿದೆ. ಅವರು ಹೊಸಿಲ ಮೇಲೆಯೇ ಕೂತುಬಿಟ್ಟರು. ಖಾಲಿ ಡಬ್ಬಿ ನೋಡಿದರು, ಅಮ್ಮನ ಮುಖ ನೋಡಿದರು.

"ನಳಿನಿ, ಆ ಮಾತು ನಿಂದಲ್ಲ ಮಗಾ. ಅದು ನಂದು. ನಂಗೆ ವಾಪಸ್ ಕೊಡು."

"ಹೇಗೆ ಕೊಡುದು ಅತ್ತೆ?"

"ಇನ್ನು ಹೇಳದಿದ್ರೆ ಆಯ್ತು. ಕೊಟ್ಟ ಹಾಗೇ."

ಆಮೇಲೆ ಅಮ್ಮನಿಗೆ ಹೇಳಿದರು. ನಾನು ಕೇಳುತ್ತಿದ್ದೇನೆಂದು ಗೊತ್ತಿದ್ದೂ ಹೇಳಿದರು. ರೆಕಾರ್ಡಿಂಗಿನಲ್ಲಿ ಎಷ್ಟು ಸಲ ಅತ್ತರೂ ಕಂಪನಿಯವನಿಗೆ ಸಾಕಾಗಿರಲಿಲ್ಲವಂತೆ. ಅಳು ಬೇಡ, ಕೇಳಿದ ತಾಯಂದಿರಿಗೆ ನಾಚಿಕೆಯಾಗಬೇಕು, ಆಗ ಡಬ್ಬಿ ಖರ್ಚಾಗುತ್ತದೆ ಎಂದನಂತೆ. "ಆಗ ನಂಗೆ ಒಂದು ನೆನಪಾಯ್ತು ಶಾರದಕ್ಕ. ಅಪ್ಪ ಸತ್ತ ಮೇಲೆ ಅಮ್ಮ ಮದುವೆಮನೆಗಳಲ್ಲಿ ಅಡಿಗೆಗೆ ಹೋಗ್ತಿದ್ದಳು. ನಾನು ಹಿಂದಿನಿಂದ ಹೋಗುದು. ಒಂದು ಕಡೆ ಕೊನೇ ಪಂಕ್ತಿಗೆ ಹೋಳಿಗೆ ನನ್ನ ಎಲೆಯ ತನಕ ಬಂದು ಮುಗೀತು. ಬಡಿಸುವವ ಖಾಲಿ ಹರಿವಾಣ ತಿರುಗಿಸಿ ತೋರಿಸಿದ. ಆಗ ಅಮ್ಮನ ಹತ್ರ ಹೋಗಿ ಕೇಳಿದ್ದು ಅದೇ ಮಾತು. ಅವಳು ಮೂರು ದಿನ ನನ್ನ ಮುಖ ನೋಡ್ಲಿಲ್ಲ. ಅದನ್ನು ತೆಗೆದು ಮೈಕಿನ ಮುಂದೆ ಇಟ್ಟೆ. ಕಂಪನಿಯವ ಚಪ್ಪಾಳೆ ತಟ್ಟಿದ. ನಂಗೂ ಖುಷಿಯಾಯ್ತು, ಸುಳ್ಳು ಎಂತಕ್ಕೆ."

ಅಮ್ಮ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಸ್ವಲ್ಪ ದಿನದಲ್ಲಿ ಅದೇ ಕಂಪನಿ ಗಿರಿಜತ್ತೆಯನ್ನು ಮತ್ತೆ ಕರೆಯಿತು. ಶಾಲೆಗೆ ರಜೆ, ನಾನೂ ಅವರ ಜೊತೆ ಹೋಗಿದ್ದೆ. ಕಂಪನಿಯ ಪರವಾಗಿ ಬಂದವರು ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಕನ್ನಡದವರು, ಒಳ್ಳೆಯ ಮಾತಿನ ಮನುಷ್ಯ. ನನಗೆ ಪೆಪ್ಪರ್‌ಮಿಂಟು ಕೊಟ್ಟರು. ಈ ಸಲ ಒಂದು ಮಗು ಇನ್ನೊಂದಕ್ಕೆ ಹೇಳಬೇಕಿತ್ತು: ನಿಮ್ಮ ಮನೆಯಲ್ಲಿ ಡಬ್ಬಿ ಇಲ್ವಾ? ಹಾಗಾದ್ರೆ ನಿನ್ನ ಜೊತೆ ಆಡಲ್ಲ, ಹೋಗು.

ಗಿರಿಜತ್ತೆ ಕಾಗದವನ್ನು ಎರಡು ಸಲ ಓದಿದರು. "ಇದು ಬೇಡ ಸ್ವಾಮಿ. ಪುಡಿ ರುಚಿ ಉಂಟು ಅಂತ ಹೇಳ್ತೇನೆ. ಬೇಕಾದ್ರೆ ಅದಕ್ಕೊಂದು ಹಾಡು ಹಾಡ್ತೇನೆ. ಇದು ನನ್ನ ಬಾಯಲ್ಲಿ ಬರುದಿಲ್ಲ."

"ಏನಮ್ಮಾ ನೀವು, ಸಿನಿಮಾದಲ್ಲಿ ಇದಕ್ಕಿಂತ ಕೆಟ್ಟ ಡೈಲಾಗೆಲ್ಲ ಹೇಳಿದೀರ. ಇದು ಬರೀ ಬಿಸಿನೆಸ್ಸು. ಕೊಂಜಂ ಅಡ್ಜಸ್ಟ್ ಮಾಡಿ."

"ಸಿನಿಮಾ ಮುಗೀತದೆ. ಮಕ್ಕಳು ಮನೆಗೆ ಹೋಗಿ ಉಂಡು ಮಲಗ್ತವೆ. ನಿಮ್ಮದು ಮನೆಗೆ ಬಂದ ಮೇಲೆ ಶುರುವಾಗುದು."

ಕಂಪನಿಯವರು ನಕ್ಕರು. ಬೇರೆಯವರನ್ನು ಕರೆಸಬೇಕಾಗುತ್ತದೆ, ಆಮೇಲೆ ಬೇಜಾರು ಮಾಡಿಕೊಳ್ಳಬಾರದು ಎಂದು ಮೆತ್ತಗೆ ಹೇಳಿದರು. ಗಿರಿಜತ್ತೆ ಅಲ್ಲೇ ನಿಂತು ಕೈಯ ಪಟ್ಟಿಗಳನ್ನು ಬಿಚ್ಚಿ, ಮಡಚಿ, ಚೀಲಕ್ಕೆ ಹಾಕಿಕೊಂಡರು. ಇಬ್ಬರೂ ರಸ್ತೆಗೆ ಬಂದೆವು. ನಾನು ಪೆಪ್ಪರ್‌ಮಿಂಟನ್ನು ಉಗುಳಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅವರು ನೋಡಿ, "ತಿನ್ನು ಮಾರಾಯ್ತಿ, ಅದೆಂತ ಮಾಡಿದೆ ಪಾಪ" ಎಂದರು.

ಜಾಹೀರಾತು ಬಂತು, ಬೇರೆ ಯಾರದೋ ದನಿಯಲ್ಲಿ. ಡಬ್ಬಿಗಳು ಮಾರಾಟವಾದವು. ನಮ್ಮ ಬೀದಿಯಲ್ಲಿ ಕೆಲವು ದಿನ 'ನಿನ್ನ ಜೊತೆ ಆಡಲ್ಲ' ಆಟವೂ ನಡೆಯಿತು. ಆ ದನಿಯ ಹೊಸ ಹುಡುಗಿಗೇ ಮೆಲ್ಲಗೆ ಸಿನಿಮಾದ ಮಕ್ಕಳೂ ಸಿಕ್ಕಿದರು, ಗಿರಿಜತ್ತೆಗೆ ಕರೆ ಕಡಿಮೆಯಾಯಿತು. ಅವರು ಅದನ್ನು ತ್ಯಾಗ ಅಂತೆಲ್ಲ ಹೇಳಿಕೊಂಡವರಲ್ಲ. "ಅವಳು ಚೆನ್ನಾಗಿ ಅಳ್ತಾಳೆ, ಆದ್ರೆ ಉಸಿರು ಎಳೆಯುದು ಗೊತ್ತಿಲ್ಲ" ಎಂದು ಒಮ್ಮೆ ಹೊಟ್ಟೆಕಿಚ್ಚಿನಿಂದಲೇ ಹೇಳಿದ್ದರು.

ನಾನು ಮದುವೆಯಾಗಿ ದಾವಣಗೆರೆಗೆ ಹೋದೆ. ಅರವತ್ತರ ದಶಕದ ಕೊನೆಯಲ್ಲಿ ತವರಿಗೆ ಬಂದಾಗ, ಗಿರಿಜತ್ತೆಗೆ ಗಂಟಲಿನ ಆಪರೇಷನ್ ಆಗಿದೆ, ಅಡ್ಯಾರಿನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ ಎಂದು ಅಮ್ಮ ಹೇಳಿದಳು. ಮೂರು ವರ್ಷದ ಮಗಳನ್ನು ಕರೆದುಕೊಂಡು ಹೋದೆ. ಕತ್ತಿಗೆ ತೆಳು ಬಟ್ಟೆ ಸುತ್ತಿ ಜಗಲಿಯಲ್ಲಿ ಕೂತಿದ್ದರು. ಮಾತಾಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ತೊಡೆಯ ಮೇಲೆ ಒಂದು ಸ್ಲೇಟು. ನನ್ನನ್ನು ನೋಡಿ ಅದರ ಮೇಲೆ 'ದಪ್ಪ ಆಗಿದ್ದಿ' ಎಂದು ಬರೆದು ತೋರಿಸಿದರು.

ಮಗಳಿಗೆ ಸ್ಲೇಟೆಂದರೆ ಆಟ. ಅವಳೊಂದು ಗೆರೆ ಎಳೆದರೆ ಇವರು ಅದಕ್ಕೆ ಬಾಲ ಹಚ್ಚುತ್ತಿದ್ದರು, ಅವಳು ಕಿವಿ ಹಚ್ಚುತ್ತಿದ್ದಳು. ಮಧ್ಯಾಹ್ನವೆಲ್ಲ ಹೀಗೇ. ಮಗಳು ಕೇಕೆ ಹಾಕಿ ನಗುತ್ತಿದ್ದಳು, ಇವರ ಭುಜಗಳು ಸದ್ದಿಲ್ಲದೆ ಕುಣಿಯುತ್ತಿದ್ದವು.

ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಮಗಳು ಬರುವುದಿಲ್ಲವೆಂದು ನೆಲಕ್ಕೆ ಬಿದ್ದು ಅಳತೊಡಗಿದಳು. ನಾನು ಹಟ ಮುರಿಯಲೆಂದು ಚಪ್ಪಲಿ ಮೆಟ್ಟಿ ಗೇಟಿನ ತನಕ ನಡೆದು, ತಿರುಗದೆ ನಿಂತೆ. ಹಿಂದಿನಿಂದ ಸ್ಲೇಟಿನ ಮೇಲೆ ಬಳಪ ಕುಟ್ಟುವ ಸದ್ದು ಕೇಳಿತು, ಟಕ್ ಟಕ್ ಎಂದು, ಸಿಟ್ಟಿನಲ್ಲಿ. ತಿರುಗಿದೆ. ಗಿರಿಜತ್ತೆ ಕಷ್ಟಪಟ್ಟು ಎದ್ದು ನಿಂತಿದ್ದರು. ಸ್ಲೇಟನ್ನು ಎರಡೂ ಕೈಯಲ್ಲಿ ನನ್ನ ಕಡೆ ಎತ್ತಿ ಹಿಡಿದಿದ್ದರು. ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: 'ಎತ್ತಿಕೋ. ಕಾಯಿಸಬೇಡ.'

ಓಡಿ ಹೋಗಿ ಎತ್ತಿಕೊಂಡೆ. ಆಮೇಲೆ ನಾನು ಅವರನ್ನು ಕಾಣಲಿಲ್ಲ.