ನಾಲ್ಕನೆಯ ಗಂಟು

ವಿಜಯನಗರಕ್ಕೆ ಮೆಟ್ರೋ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು. ಆಗ ನಮ್ಮ ಬೀದಿಯ ಮಕ್ಕಳಲ್ಲಿ ಯಾರು ದೊಡ್ಡವರು, ಯಾರು ಚಿಲ್ಟು ಅನ್ನುವುದು ವಯಸ್ಸಿನಿಂದ ತೀರ್ಮಾನವಾಗುತ್ತಿರಲಿಲ್ಲ, ಸೈಕಲ್ಲಿನ ಹ್ಯಾಂಡಲ್ ನೋಡಿ ತೀರ್ಮಾನವಾಗುತ್ತಿತ್ತು. ಒಂದು ಕೆರೆಗೆ ಹೋಗಿ ಬಂದರೆ ಅಲ್ಲಿನ ಜೊಂಡುಹುಲ್ಲು ಕಿತ್ತು ಹ್ಯಾಂಡಲ್‌ಗೆ ಒಂದು ಗಂಟು. ಎರಡು ಕೆರೆಗೆ ಎರಡು. ಗಂಟು ಒಣಗಿ ಉದುರಿದರೆ ಮತ್ತೆ ಹೋಗಿ ಬರಬೇಕು. ಈ ಕಾನೂನು ಯಾರು ಮಾಡಿದ್ದೋ ಗೊತ್ತಿಲ್ಲ, ಆದರೆ ಶಾಲೆಯ ಕಾನೂನಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದೆವು. ನಾನು ಮುರಿಯುವವರೆಗೆ.

ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ಬೇಸಿಗೆ ಅದು. ನನಗೆ ಕೆಂಪು ಬಣ್ಣದ ಹೊಸ ಲೇಡೀಸ್ ಸೈಕಲ್ ಬಂದಿತ್ತು, ಮುಂದೆ ಬುಟ್ಟಿ ಬೇರೆ. ಆದರೆ ಅಮ್ಮನ ಅಪ್ಪಣೆ ಇದ್ದದ್ದು ಪಾರ್ಕಿನ ತನಕ ಮಾತ್ರ. ಪಾರ್ಕಿಗೆ ಹೋಗಿಬರುತ್ತೇನೆ ಅಂತ ಹೇಳಿ ರಿಂಗ್ ರೋಡ್ ದಾಟಿದ ಮಕ್ಕಳ ಪೈಕಿ ನಾನೂ ಒಬ್ಬಳು. ಜೊತೆಗೆ ರೇಣುಕಾ.

ರೇಣುಕಾಳ ಮನೆ ನಮ್ಮ ಎದುರಿಗೆ ಕಟ್ಟುತ್ತಿದ್ದ ಮೂರಂತಸ್ತಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಗದಗದ ಕಡೆಯವರು. ಅವಳಪ್ಪ ಹನುಮಪ್ಪ ಗಾರೆ ಕೆಲಸದವನು; ಆ ಕಟ್ಟಡದ ಕಾವಲೂ ಅವನದೇ. ಇಲ್ಲಿ ಕೆಲಸವಿಲ್ಲದ ದಿನ ನಾಗರಬಾವಿಯ ಆಚೆ ಹೊಸ ಲೇಔಟಿಗೆ ಹೋಗುತ್ತಿದ್ದ. ಬೆಳಗ್ಗೆ ಆರೂವರೆಗೆ ಅಲ್ಲಿರಬೇಕು, ತಡವಾದರೆ ಮೇಸ್ತ್ರಿ ಇನ್ನೊಬ್ಬನನ್ನು ಕೆಲಸಕ್ಕೆ ಹಚ್ಚಿಬಿಡುತ್ತಾನೆ. ಅದಕ್ಕೇ ಅವನ ಹತ್ತಿರ ಒಂದು ಭಾರಿ ಕಪ್ಪು ಸೈಕಲ್ಲಿತ್ತು. ಎದುರಿನ ಕಟ್ಟಡದಲ್ಲೇ ಅವನಿಗೆ ಕೆಲಸ ಸಿಕ್ಕ ದಿನ ಆ ಸೈಕಲ್ಲು ರೇಣುಕಾಳದು. ಸೀಟು ಎಟುಕುತ್ತಿರಲಿಲ್ಲ. ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಾ, ಹೊಸ ಸೈಕಲ್ಲಿನ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಈಗ ಒಪ್ಪಿಕೊಂಡರೆ ನಷ್ಟವೇನಿಲ್ಲ.

ದಾರಿ ತೋರಿಸಿದ್ದು ನನ್ನಜ್ಜಿ, ಅವಳಿಗೇ ಗೊತ್ತಿಲ್ಲದ ಹಾಗೆ. ಅಜ್ಜಿಯ ಅಪ್ಪ ಹಿಂದೆ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ಕೆಲಸ. ಮಾವಿನಕಾಯಿ ಹೆಚ್ಚುತ್ತಾ ಅವಳು ಹೇಳುತ್ತಿದ್ದಳು: "ಕೆರೆಗೆ ಕೆರೆ ನಂಟು ಕಣೇ. ಮೇಲಿನ ಕೆರೆ ತುಂಬಿ ಕೋಡಿ ಬಿತ್ತು ಅಂದ್ರೆ ಆ ನೀರು ಕಾಲುವೆ ಹಿಡ್ಕೊಂಡು ಕೆಳಗಿನ ಕೆರೆಗೆ ಹೋಗ್ಲೇಬೇಕು. ಕಾಲುವೆ ಸುಮ್‌ಸುಮ್ನೆ ಎಲ್ಲೂ ನಿಲ್ಲಲ್ಲ." ನಮಗೆ ಅಷ್ಟು ಸಾಕಾಯಿತು. ಬೇಸಿಗೆಯಲ್ಲಿ ಕಾಲುವೆಗಳು ಒಣಗಿರುತ್ತಿದ್ದವು. ತಳದ ಮಣ್ಣು ಗಟ್ಟಿಯಾಗಿ ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗೆ. ಲಾರಿಯಿಲ್ಲ, ಬಸ್ಸಿಲ್ಲ, ಅಮ್ಮನಿಗೆ ಚಾಡಿ ಹೇಳುವ ಆಂಟಿಯರಿಲ್ಲ.

ಮೊದಲು ಮಲ್ಲತ್ತಹಳ್ಳಿ ಕೆರೆ. ಆಮೇಲೆ ವಿಶ್ವವಿದ್ಯಾಲಯದ ನೀಲಗಿರಿ ತೋಪಿನ ಅಂಚು ಹಿಡಿದು ಉಲ್ಲಾಳದ ಕೆರೆ. ಅಲ್ಲಿಂದ ಕೆಂಗೇರಿ ದಿಕ್ಕಿಗೆ ಇಳಿದರೆ, ಎಮ್ಮೆ ಮೈತೊಳೆಯುವಷ್ಟೇ ನೀರಿದ್ದ ಒಂದು ಪುಟ್ಟ ಕೆರೆ, ಅದಕ್ಕೆ ನಾವು ಹೆಸರೇ ಕೇಳಲಿಲ್ಲ. ಏರಿಯ ಮೇಲೆ ಕೂತು ನಾನು ತಂದ ಮೊಸರನ್ನ, ಅವಳು ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹೂಳಿನ ವಾಸನೆ, ಜೊಂಡಿನ ಹಸಿ ವಾಸನೆ, ಬೆರಳಲ್ಲಿ ಬೆಳ್ಳುಳ್ಳಿ ವಾಸನೆ.

"ನಿಮ್ಮ ಕೆರಿಗೆ ಮೆಟ್ಲ ಇಲ್ಲೇನು?" ಅಂತ ಪ್ರತಿ ಕೆರೆಯ ಹತ್ತಿರವೂ ಕೇಳುತ್ತಿದ್ದಳು. "ನಮ್ಮೂರ ಕೆರಿಗೆ ಕಲ್ಲಿನ ಮೆಟ್ಲ ಅದಾವ. ಕಾಲ ಇಳಿಬಿಟ್ಟ ಕುಂತ್ರ ಮೀನ ಬಂದ ಕಚ್ಚತಾವ."

"ಇಲ್ಲಿ ಎಮ್ಮೆ ಬಂದು ಕಚ್ಚುತ್ತೆ, ಕೂತ್ಕೋ" ಅನ್ನುತ್ತಿದ್ದೆ.

ಇಬ್ಬರಿಗೂ ಮೂರು ಗಂಟಾಯಿತು. ಬೀದಿಯ ಹುಡುಗರಿಗೂ ಮೂರೇ. ನನಗೆ ಅಷ್ಟು ಸಾಲಲಿಲ್ಲ. ಒಂದು ಸೋಮವಾರ ನನ್ನ ಹ್ಯಾಂಡಲ್ ಮೇಲೆ ನಾಲ್ಕು ಗಂಟಿದ್ದವು. ನಾಲ್ಕನೆಯದರ ಜೊಂಡನ್ನು ಮೂರನೆಯ ಕೆರೆಯಲ್ಲೇ ಹೆಚ್ಚಾಗಿ ಕಿತ್ತು ಬುಟ್ಟಿಯಲ್ಲಿ ಅಡಗಿಸಿ ತಂದಿದ್ದೆ. ಭಾನುವಾರ ಮಾವನ ಜೊತೆ ಹೋಗಿದ್ದೆ ಅಂತ ಬೀದಿಗೆಲ್ಲ ಹೇಳಿದೆ.

ಹುಡುಗರು ನಂಬಲಿಲ್ಲ. ರೇಣುಕಾ ನಂಬಿದಳು. "ಖರೇನ? ಎಷ್ಟ ದೂರ ಐತಿ? ನನಗೂ ಕರ್ಕೊಂಡ ಹೋಗ."

"ನಾನು ಹೋಗ್ಬಂದಾಯ್ತಲ್ಲ. ಬೇಕಾದ್ರೆ ದಾರಿ ಬರ್ಕೊಡ್ತೀನಿ."

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಗೆ ಸ್ಕೆಚ್ ಪೆನ್ನಲ್ಲಿ ಬರೆದುಕೊಟ್ಟೆ. ಮೂರು ಕೆರೆ ನೀಲಿಯಲ್ಲಿ, ಕಂಡ ಹಾಗೇ. ಮೂರನೆಯದರ ಕೋಡಿಯಿಂದ ಹೊರಟ ಕಾಲುವೆಯನ್ನು ಉದ್ದಕ್ಕೆ ಎಳೆದೆ, ಅದರೊಳಗೆ ಬಾಣದ ಗುರುತು ಹಾಕಿದೆ. ಕೊನೆಯಲ್ಲಿ ಎಲ್ಲಕ್ಕಿಂತ ದೊಡ್ಡದೊಂದು ಕೆರೆ. ಅಜ್ಜಿ ಹೇಳಿದ್ದಾಳೆ, ಕಾಲುವೆ ಅಂದಮೇಲೆ ಮುಂದೆ ಕೆರೆ ಇರಲೇಬೇಕು. ನನ್ನ ಆತ್ಮಸಾಕ್ಷಿಗೆ ಅಷ್ಟು ಸಮಾಧಾನ ಹೇಳಿ, ನೀಲಿ ಬಣ್ಣ ತುಂಬಿ ಮುಗಿಸಿದೆ.

ಅವಳು ಹೋದದ್ದು ಮೇ ತಿಂಗಳ ಒಂದು ಗುರುವಾರ. ನನ್ನನ್ನು ಕರೆಯಲು ಬಂದಿದ್ದಳು. ಗೇಟಿನ ಆಚೆ ಕಪ್ಪು ಸೈಕಲ್ಲು ಹಿಡಿದು ನಿಂತು, "ಕೂಡೇ ಹೋಗೋಣ ಬಾ, ಶಾಲೂ" ಅಂದಳು. ಹೋದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅತ್ತೆ ಬರುತ್ತಾರೆ, ಆಗಲ್ಲ ಅಂದೆ. ಆ ದಿನ ಯಾವ ಅತ್ತೆಯೂ ಬರಲಿಲ್ಲ. ನಾನು ಕಿಟಕಿಯ ಹತ್ತಿರ ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದೆ.

ಮೂರು ಗಂಟೆಗೆ ಮೋಡ ಕವಿಯಿತು. ಮೂರೂವರೆಗೆ ಆಲಿಕಲ್ಲು ಮಳೆ. ಬೀದಿಯ ಮಕ್ಕಳೆಲ್ಲ ಆಲಿಕಲ್ಲು ಆಯಲು ಬೀದಿಗಿಳಿದರು, ನಾನು ಇಳಿಯಲಿಲ್ಲ. ಎದುರಿನ ಶೆಡ್ಡಿನ ಬಾಗಿಲಲ್ಲಿ ಅವಳಮ್ಮ ಸೆರಗು ತಲೆ ಮೇಲೆ ಹೊದ್ದು ರಸ್ತೆ ನೋಡುತ್ತಾ ನಿಂತಿದ್ದಳು. ಒಂದು ಮಾತು ಹೇಳಿದ್ದರೆ ಹುಡುಕಲು ಎತ್ತ ಹೋಗಬೇಕು ಅನ್ನುವುದಾದರೂ ಗೊತ್ತಾಗುತ್ತಿತ್ತು. ಹೇಳಲಿಲ್ಲ. ಸಂಜೆಯ ತಿಂಡಿ ಬೇಡ ಅಂದೆ; ಅಮ್ಮ ಮಾವಿನಕಾಯಿಯನ್ನು ಬೈದು ಜೀರಿಗೆ ಕಷಾಯ ಕುಡಿಸಿದಳು.

ಕತ್ತಲಾಗುವ ಹೊತ್ತಿಗೆ ಕೆಂಗೇರಿ ಕಡೆಯ ಹಾಲಿನ ವ್ಯಾನಿನವರು ಯಾರೋ ರೇಣುಕಾಳನ್ನು ತಂದು ಬಿಟ್ಟುಹೋದರು. ತಲೆಯಿಂದ ಕಾಲಿನ ತನಕ ಕಪ್ಪು ಕೆಸರು. ಒಂದು ಚಪ್ಪಲಿ ಇರಲಿಲ್ಲ. ಸೈಕಲ್ಲೂ ಇರಲಿಲ್ಲ. ಅವಳು ಕಾಲುವೆಯಲ್ಲಿದ್ದಾಗ ಅಲ್ಲಿ ಇನ್ನೂ ಹನಿ ಬಿದ್ದಿರಲಿಲ್ಲವಂತೆ. ಮಳೆಯಾದದ್ದು ಮೇಲಿನ ಏರಿಯಾಗಳಲ್ಲಿ. ಆ ನೀರು ಚರಂಡಿಗಳನ್ನೆಲ್ಲ ಗುಡಿಸಿಕೊಂಡು ಹಿಂದಿನಿಂದ ಬಂದಿದೆ. ಅವಳು ಕಾಲುವೆಯ ಬದಿಯ ಗೋಡೆ ಹತ್ತಿಕೊಂಡಳು. ಒಂದು ಕೈಯಲ್ಲಿ ಸೈಕಲ್ಲು ಹಿಡಿದೇ ಇದ್ದಳಂತೆ, ಕೈ ಸೋತು ಬಿಡುವವರೆಗೆ.

ಮಾರನೆಯ ಬೆಳಗ್ಗೆ ಹನುಮಪ್ಪ ನಮ್ಮ ಗೇಟಿಗೆ ಬಂದ. ಪಕ್ಕದಲ್ಲಿ ರೇಣುಕಾ, ಕೆನ್ನೆಯ ಮೇಲೆ ಬೆರಳಿನ ಗುರುತು. ಅವನ ಕೈಯಲ್ಲಿ ನನ್ನ ಕ್ಯಾಲೆಂಡರಿನ ಹಾಳೆ, ಒದ್ದೆಯಾಗಿ ಮಡಿಚಿಕೊಂಡಿತ್ತು. ನಾಲ್ಕೂ ಕೆರೆ ಕರಗಿ ಒಂದೇ ನೀಲಿಯಾಗಿತ್ತು.

"ಅಕ್ಕಾರ, ಇದನ್ನ ಯಾರ ಬರದ ಕೊಟ್ರು ಕೇಳ್ರಿ. ನಮ್ಮ ಹುಡುಗಿ ಹತ್ರ ಬಣ್ಣದ ಪೆನ್ನ ಇಲ್ರಿ."

"ನಮ್ಮ ಶಾಲಿನಿ ಪಾರ್ಕ್ ದಾಟಿ ಹೋಗೋಳೇ ಅಲ್ಲಪ್ಪ" ಅಂದಳು ಅಮ್ಮ. ಅವಳು ಸುಳ್ಳು ಹೇಳಲಿಲ್ಲ, ನಾನು ಹೇಳಿದ್ದನ್ನು ನಂಬಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನೇನಾದ್ರೂ ಬರೆದ್ಯೇನೇ?"

ಹೌದು ಅಂದರೆ ಸೈಕಲ್ಲಿಗೆ ಬೀಗ. ನಾಲ್ಕನೆಯ ಗಂಟಿನ ಕತೆ ಇಡೀ ಬೀದಿಗೆ. ಹನ್ನೆರಡು ವರ್ಷದ ನನಗೆ ಅವೆರಡೇ ಕಂಡದ್ದು. ನಾನು ರೇಣುಕಾಳ ಮುಖ ನೋಡಿದೆ. ಅವಳೂ ನೋಡಿದಳು. ನಾನು ಬಾಯಿ ಬಿಡುವುದಿಲ್ಲ ಅನ್ನುವುದು ಅವಳಿಗೆ ನನಗಿಂತ ಮೊದಲೇ ತಿಳಿಯಿತು.

"ನಾನಾ ಬರದಿದ್ದೆ" ಅಂದಳು.

ಹನುಮಪ್ಪ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ಅವನಿಗೆ ಗೊತ್ತಾಗಿತ್ತು. "ಆತು ಬಿಡ್ರಿ" ಅಂದು ಹೊರಟುಹೋದ.

ಆಮೇಲಿನ ದಿನಗಳಲ್ಲಿ ಅವನು ಇನ್ನೂ ಬೆಳಕಾಗುವ ಮುಂಚೆ ನಡೆದು ಹೊರಡುತ್ತಿದ್ದ. ನನ್ನ ಕೋಣೆಯ ಕಿಟಕಿಗೆ ಅವನ ಕರಣೆ, ಬಾಣಲಿಯ ಸದ್ದು ಕೇಳುತ್ತಿತ್ತು. ಎರಡು ವಾರದಲ್ಲಿ ಆ ಸದ್ದು ನಿಂತಿತು. ತಡವಾಯಿತೆಂದು ಮೇಸ್ತ್ರಿ ಬೇರೆಯವನನ್ನು ಹಾಕಿಕೊಂಡನಂತೆ. ಎದುರಿನ ಕಟ್ಟಡದ ಗಾರೆಯೂ ಮುಗಿದಿತ್ತು. ಶಾಲೆ ಶುರುವಾಗುವ ಮುಂಚೆ ಅವರು ಶೆಡ್ಡು ಬಿಚ್ಚಿದರು.

ಅವರು ಗಂಟು ಮೂಟೆ ಕಟ್ಟುತ್ತಿದ್ದಾಗ ನನ್ನ ಸ್ಕೆಚ್ ಪೆನ್ನಿನ ಡಬ್ಬಿ ಹಿಡಿದು ಹೋದೆ. ರೇಣುಕಾ ಡಬ್ಬಿ ತೆಗೆದುಕೊಳ್ಳಲಿಲ್ಲ. ಸಿಟ್ಟಾಗಲಿಲ್ಲ ಕೂಡ. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು, "ಶಾಲೂ, ಆ ಕೆರಿ ಎಷ್ಟ ದೊಡ್ಡದೈತಿ? ನಾ ಅಲ್ಲಿತನಕ ಮುಟ್ಟಲೇ ಇಲ್ಲ ನೋಡ."

ಅವಳು ಇನ್ನೂ ನಂಬಿದ್ದಳು. ಅಪ್ಪನ ಸೈಕಲ್ಲು ಹೋಗಿ, ಏಟು ತಿಂದು, ನನ್ನ ತಪ್ಪನ್ನು ಹೊತ್ತುಕೊಂಡಮೇಲೂ.

"ದೊಡ್ಡದು" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಮೆಟ್ಟಿಲೂ ಇದೆ" ಅಂದೆ.

ಅವಳ ಮುಖ ಅರಳಿತು. ಆ ಮುಖ ನೆನಪಾದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಊರಿಗೆ ಹೋದರೋ, ಬೇರೆ ಯಾವ ಕಟ್ಟಡಕ್ಕೆ ಹೋದರೋ, ಅವಳು ಎಂಟನೇ ಕ್ಲಾಸಿಗೆ ಸೇರಿದಳೋ ಇಲ್ಲವೋ, ಕೇಳಿ ತಿಳಿಯಲು ಬೀದಿಯಲ್ಲಿ ಯಾರಿಗೂ ವಿಳಾಸ ಗೊತ್ತಿರಲಿಲ್ಲ.

ಈಗ ನಾನು ಕೆಂಗೇರಿ ಉಪನಗರದಲ್ಲಿದ್ದೇನೆ. ಭಾನುವಾರ ಬೆಳಗ್ಗೆ ಹೆಲ್ಮೆಟ್ಟು, ಗೇರ್ ಸೈಕಲ್ಲಿನ ಒಂದು ಗುಂಪಿನ ಜೊತೆ ಹೊರಡುತ್ತೇನೆ. ದಾರಿಯನ್ನು ಫೋನ್ ಹೇಳುತ್ತದೆ. ಮೊದಲ ಕೆರೆಗೆ ಬೇಲಿ, ಗೇಟು, ವಾಕಿಂಗ್ ಟೈಮಿನ ಬೋರ್ಡು. ಎರಡನೆಯದರ ಸುತ್ತ ಅಪಾರ್ಟ್‌ಮೆಂಟು. ಮೂರನೆಯದು ಎಲ್ಲಿತ್ತು ಅಂತ ಹುಡುಕಿ ಹುಡುಕಿ ಕೈಬಿಟ್ಟಿದ್ದೇನೆ. ಜೊಂಡು ಕೀಳಲು ನೀರಿಗೆ ಇಳಿಯುವ ಜಾಗವೇ ಇಲ್ಲ. ಗುಂಪಿನವರ ಮಕ್ಕಳು ಕಿಲೋಮೀಟರಿನ ಲೆಕ್ಕ ಹೇಳುತ್ತಾರೆ, ಕೆರೆಯ ಲೆಕ್ಕ ಅವರಿಗೆ ಗೊತ್ತಿಲ್ಲ.

ಹೋದ ತಿಂಗಳು ಗುಂಪಿನಿಂದ ಹಿಂದುಳಿದು, ಕಾಂಕ್ರೀಟ್ ಹಾಕಿ ಮುಚ್ಚಿದ ಒಂದು ಮೋರಿಯ ಪಕ್ಕದಲ್ಲೇ ಸುಮ್ಮನೆ ಹೋದೆ. ಅದು ಇಳಿಜಾರಿಗೆ ತಿರುಗಿದಲ್ಲೆಲ್ಲ ನಾನೂ ತಿರುಗಿದೆ. ಕೊನೆಗೆ ತಗ್ಗಿನಲ್ಲಿ ಸಾಲು ಮನೆಗಳ ಒಂದು ಲೇಔಟು ಸಿಕ್ಕಿತು. ಮೂಲೆಯ ಮನೆಯ ಮುದುಕರು ನೆಲಮಾಳಿಗೆಯಿಂದ ಪಂಪ್ ಹಾಕಿ ನೀರು ಹೊರಗೆ ಬಿಡುತ್ತಿದ್ದರು.

"ಇಲ್ಲಿ ಕೆರೆ ಇತ್ತಾ ಸಾರ್?"

"ಇತ್ತಮ್ಮ, ದೊಡ್ಡ ಕೆರೆ. ನಾನು ಚಿಕ್ಕವನಿದ್ದಾಗ ಈಜ್ತಾ ಇದ್ವಿ. ಮನೆ ಬಂದು ನಲವತ್ತು ವರ್ಷದ ಮೇಲಾಯ್ತು. ಮಳೆ ಬಂದ್ರೆ ನೀರು ಇವತ್ತಿಗೂ ಇಲ್ಲಿಗೇ ಬರುತ್ತೆ ನೋಡಿ."

ನಾನು ಸೈಕಲ್ಲಿನಿಂದ ಇಳಿದು ನಿಂತೆ. ಅಜ್ಜಿಯ ಮಾತು ಸರಿಯಾಗಿಯೇ ಇತ್ತು. ನಾನು ಬಣ್ಣ ತುಂಬುವುದಕ್ಕೆ ಎಷ್ಟೋ ಮುಂಚೆಯೇ ಆ ಕೆರೆ ಮಣ್ಣಿನಡಿ ಹೋಗಿತ್ತು. "ಮೆಟ್ಟಿಲು ಇತ್ತಾ?" ಅಂತ ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಬೇಡಿಕೊಂಡ ಹಾಗೆ ಕೇಳಿಸಿತು.

"ಮೆಟ್ಟಿಲಾ? ಇಲ್ಲಮ್ಮ, ಬರೀ ಮಣ್ಣಿನ ದಡ." ಅವರು ಪಂಪ್ ನಿಲ್ಲಿಸಿ ನನ್ನನ್ನು ನೋಡಿದರು. "ಈಗಿನ ಯಾವ ಮ್ಯಾಪಲ್ಲೂ ಇಲ್ವಲ್ಲ ಇದು. ಇಲ್ಲಿ ಕೆರೆ ಅಂತ ನಿಮಗೆ ಯಾರು ಬರೆದುಕೊಟ್ರು?"

"ಯಾರೂ ಇಲ್ಲ ಸಾರ್" ಅಂದೆ. "ನಾನೇ ಬರೆದಿದ್ದೆ."

ಅವರಿಗೆ ಅರ್ಥವಾಗಲಿಲ್ಲ. ತಲೆಯಾಡಿಸಿ ಮತ್ತೆ ಪಂಪ್ ಹಾಕಿದರು.