ಆಂಜಿನಯ್ಯನವರ ಮಧ್ಯಾಹ್ನದ ಟ್ರಿಪ್ಪು

ಚಾಮರಾಜಪೇಟೆಯಲ್ಲಿ ಊಟ ಮುಗಿದು ಬೀದಿಗೆ ಬೀದಿಯೇ ತೂಕಡಿಸುವ ಹೊತ್ತಿಗೆ ಆಂಜಿನಯ್ಯ ಡ್ಯೂಟಿಗೆ ಹೊರಡುತ್ತಿದ್ದರು. ದೂರವೇನಲ್ಲ, ಅಡುಗೆಮನೆಯಿಂದ ನಡುಮನೆಗೆ. ಅಲ್ಲಿ ಕಿಟಕಿಯ ಪಕ್ಕ, ಮಗಳು ಮೋನಿಷಾ ಕಾಲೇಜಿನ ಕಾಲದಲ್ಲಿ ಬಳಸಿ ಬಿಟ್ಟ ಕಂಪ್ಯೂಟರ್. ಅದರೊಳಗೆ ಅವಳೇ ಹಾಕಿಕೊಟ್ಟ, ಬಸ್ಸು ಓಡಿಸುವ ಒಂದು ಆಟ. ಆಟದೊಳಗೆ, ಬಸ್ಸಿನ ಹುಚ್ಚು ಹಿಡಿದ ಯಾರೋ ಪುಣ್ಯಾತ್ಮ ಕೂತು ಕಟ್ಟಿದ ಬೆಂಗಳೂರು. ಮಾರ್ಕೆಟ್ಟಿನಿಂದ ಹೊರಟು ಮಕ್ಕಳ ಕೂಟ, ಗಾಂಧಿಬಜಾರು, ನೆಟ್ಟಕಲ್ಲಪ್ಪ ಸರ್ಕಲ್ಲು ದಾಟಿ ಎನ್.ಆರ್. ಕಾಲೊನಿ. ಆಂಜಿನಯ್ಯ ಇಪ್ಪತ್ತೇಳು ವರ್ಷ ನಿಜವಾದ ಬಸ್ಸು ಓಡಿಸಿದ್ದು ಅದೇ ದಾರಿಯಲ್ಲಿ.

ಓಡಿಸಿದ್ದು ಅಂದೆ, ಇಳಿದದ್ದು ಹೇಗೆಂದು ಹೇಳಲಿಲ್ಲ. ಆರು ವರ್ಷದ ಹಿಂದೆ ಒಂದು ಕಣ್ಣಿನ ಪರೀಕ್ಷೆ ಆಯಿತು. ಗದ್ದ ಊರಿ ಒಂದು ಪೆಟ್ಟಿಗೆಯೊಳಗೆ ನೆಟ್ಟಗೆ ನೋಡುತ್ತಿರಬೇಕು. ಅಕ್ಕಪಕ್ಕದಲ್ಲಿ ಚುಕ್ಕಿ ಬೆಳಕು ಮಿನುಗಿದಾಗಲೆಲ್ಲ ಬಟನ್ ಒತ್ತಬೇಕು. ಆಂಜಿನಯ್ಯ ಒತ್ತಿದ್ದು ಸಾಲಲಿಲ್ಲ. ಎಡ ಅಂಚು ಕಾಣುವುದಿಲ್ಲ ಎಂದು ಡಾಕ್ಟರು ಬರೆದರು, ಮಾರನೇ ದಿನದಿಂದ ಸ್ಟೇರಿಂಗ್ ಕೈತಪ್ಪಿತು. ನಿವೃತ್ತಿಯವರೆಗೆ ಡಿಪೋದ ಕಿಟಕಿಯೊಳಗೆ ಕೂತು ಬೇರೆ ಡ್ರೈವರುಗಳಿಗೆ ಡ್ಯೂಟಿ ಚೀಟಿ ಹರಿದುಕೊಟ್ಟರು.

“ಕೆಟ್ಟಿದ್ದು ನನ್ ಕಣ್ಣಲ್ಲ, ಅವರ ಮೆಷಿನ್ನು,” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹಾಲಿನವನಿಗೂ ಹೇಳಿದ್ದಾರೆ. ಹೆಂಡತಿ ಶೈಲಜಮ್ಮ ಮಾತ್ರ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಲೂ ಇರಲಿಲ್ಲ.

ಹಾಗಾಗಿ ಆಟ ಅವರಿಗೆ ಆಟವಾಗಿರಲಿಲ್ಲ. ಮಾರ್ಕೆಟ್ಟಿನಿಂದ ಕೊನೇ ಸ್ಟಾಪಿನ ತನಕ ಒಂದೇ ಒಂದು ಟ್ರಿಪ್ಪನ್ನು ಯಾರಿಗೂ ತಾಗಿಸದೆ ಮುಗಿಸಿದರೆ ಡಾಕ್ಟರ ಬರಹ ಸುಳ್ಳು. ಮುಗಿಸಬೇಕು, ಅಷ್ಟೇ.

ಕಂಪ್ಯೂಟರು ಜಪ್ಪಯ್ಯ ಅಂದರೂ ಮುಗಿಸಲು ಬಿಡುತ್ತಿರಲಿಲ್ಲ. ಗಾಂಧಿಬಜಾರು ಬಂತೆಂದರೆ ಅದಕ್ಕೆ ಉಬ್ಬಸ. ಬಸ್ಸು ಮೊದಲು ಬರುತ್ತಿತ್ತು, ರಸ್ತೆ ಆಮೇಲೆ. ಮರ ಬಂದು ಸ್ವಲ್ಪ ಹೊತ್ತಿಗೆ ಅದರ ಎಲೆ. ಹೂವು ಮಾರುವವರು ಕಾಲಿಲ್ಲದೆ ಗಾಳಿಯಲ್ಲಿ ತೇಲುತ್ತಿದ್ದರು. ಆಂಜಿನಯ್ಯನವರಿಗೆ ಇದೆಲ್ಲ ಬೆಳಗಿನ ಜಾವದ ಕನಸಿನಂತೆ ಹಿತವಾಗಿಯೇ ಇತ್ತು, ಬಸ್ಸು ಯಾವುದಾದರೂ ಕಂಬಕ್ಕೋ ಆಟೋಗೋ ಗುದ್ದುವ ತನಕ. ಗುದ್ದಿದ ಕೂಡಲೇ, “ನೋಡಿದ್ಯಾ? ಮೆಷಿನ್ನು!” ಎಂದು ಅಡುಗೆಮನೆಯ ಕಡೆ ಕೂಗುತ್ತಿದ್ದರು.

ಕೊನೆಗೆ ಮಗಳೇ ಫೋನಿನಲ್ಲಿ ಹೇಳಿದಳು, ಚಿತ್ರ ಬಿಡಿಸುವುದಕ್ಕೇ ಬೇರೆ ಕಾರ್ಡ್ ಸಿಗುತ್ತೆ, ಗ್ರಾಫಿಕ್ಸ್ ಕಾರ್ಡ್ ಅಂತ. ನಗರ್ತಪೇಟೆಯ ಒಂದು ಸಂದಿಯಲ್ಲಿ ಕೈಲಾಸ್ ಎಂಬುವವರ ಅಂಗಡಿ. ಆಂಜಿನಯ್ಯ ತಮ್ಮ ಕಂಪ್ಯೂಟರಿನ ಜಾತಕ ಒಪ್ಪಿಸಿದರು.

“ಅಯ್ಯೋ, ಅಷ್ಟು ಹಳೇದಕ್ಕೆ ದೊಡ್ ಕಾರ್ಡ್ ಬೇಡ ಸಾರ್, ಅದರ ಪವರ್ ಸಪ್ಲೈ ತಡ್ಕೊಳಲ್ಲ,” ಎಂದರು ಕೈಲಾಸ್. ಅಂಗೈಯಗಲದ, ಒಂದೇ ಫ್ಯಾನಿನ ಕಾರ್ಡು ತೆಗೆದಿಟ್ಟರು. “ಇದು ಕಮ್ಮಿ ಬೆಲೇದು. ಬೇರೆ ಕರೆಂಟ್ ವೈರೂ ಕೇಳಲ್ಲ, ಬೋರ್ಡಿಂದಲೇ ಎಳ್ಕೊಳುತ್ತೆ. ನಿಮ್ ಬಸ್ಸಿಗೆ ಸಾಕು.”

ಬಾನೆಟ್ ಎತ್ತಿ ಗೊತ್ತಿದ್ದ ಕೈ, ಪೆಟ್ಟಿಗೆ ಬಿಚ್ಚಲು ಅಂಜಲಿಲ್ಲ. ಹನ್ನೆರಡು ವರ್ಷದ ಧೂಳು ಒರೆಸಿ ಕಾರ್ಡು ಒತ್ತಿದರೆ ಟಕ್ಕೆಂದು ಕೂತಿತು. ಆಟ ಹಾಕಿದರೆ ಅದೇ ಉಬ್ಬಸ, ಅದೇ ತೇಲುವ ಹೂವಾಡಗಿತ್ತಿಯರು! ಆಂಜಿನಯ್ಯ ಮೈಯೆಲ್ಲ ಉರಿದು ಕೈಲಾಸ್‌ಗೆ ಫೋನು ಮಾಡಿದರು.

“ಮಾನಿಟರ್ ವೈರ್ ಎಲ್ಲಿಗೆ ಚುಚ್ಚಿದೀರಾ ಸಾರ್?”

“ಯಾವಾಗ್ಲೂ ಚುಚ್ಚೋ ಕಡೇನೇ ಕಣ್ರೀ.”

“ಹೊಸ ಡ್ರೈವರ್‌ನ ಕೂರಿಸಿ, ಸ್ಟೇರಿಂಗ್ ಹಳೇ ಡ್ರೈವರ್ ಕೈಗೇ ಕೊಟ್ಟಿದೀರಲ್ಲ ಸಾರ್! ಕಾರ್ಡಿನ ಬೆನ್ನಿಗೆ ಚುಚ್ಚಿ.”

ಚುಚ್ಚಿದರು. ಆಮೇಲೆ ತೆರೆಯ ಮೇಲೆ ಬಂದ ಬೆಂಗಳೂರನ್ನು ನೋಡಿ ಶೈಲಜಮ್ಮನೂ ಕೈಯಲ್ಲಿ ಸೌಟು ಹಿಡಿದೇ ಬಂದು ಹಿಂದೆ ನಿಂತರು. ರಸ್ತೆ ಬಸ್ಸಿಗಿಂತ ಮುಂದೆ ಹರಿಯುತ್ತಿತ್ತು. ಮಕ್ಕಳ ಕೂಟದ ಹತ್ತಿರ ಮರದ ನೆರಳು ಗಾಜಿನ ಮೇಲೆ ಬಿದ್ದು ಜಾರಿತು. ಗಾಂಧಿಬಜಾರಿನಲ್ಲಿ ಎಲೆ ಎಲೆಯೂ ಬೇರೆ ಬೇರೆ, ಎಲ್ಲರಿಗೂ ಕಾಲು. ಮಧ್ಯಾಹ್ನದ ಬಿಸಿಲು ಬಾಳೆಹಣ್ಣಿನ ರಾಶಿಯ ಮೇಲೆ ಕೂತಿತ್ತು. ಆಂಜಿನಯ್ಯ ಉಸಿರು ಬಿಗಿಹಿಡಿದು ಬಾಣದ ಗುರುತಿನ ಗುಂಡಿಗಳನ್ನು ಮೆಲ್ಲಗೆ ಒತ್ತುತ್ತಿದ್ದರು. ಅವರಿಗೆ ಆ ಗಳಿಗೆ ನಲವತ್ತು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಲ್ಲ. ಇಂಥ ಸುಖವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ.

“ರೀ, ಅಜ್ಜಿ!” ಎಂದು ಶೈಲಜಮ್ಮ ಕೂಗಿದರು.

“ಯಾವ ಅಜ್ಜಿ?”

ಬಸ್ಸು ನಿಂತಿತು. ಟ್ರಿಪ್ಪು ರದ್ದು ಎಂದು ಕೆಂಪಕ್ಷರ ಬಂತು. ಚಕ್ರದ ಪಕ್ಕ ಕೈಚೀಲವೊಂದು ಬಿದ್ದಿತ್ತು.

“ಎಲ್ಲಿಂದ ಬಂದ್ಲು ಅವಳು?”

“ಎಡಗಡೆಯಿಂದ. ನಿಧಾನಕ್ಕೇ ನಡ್ಕೊಂಡು ಬರ್ತಿದ್ರು.” ಶೈಲಜಮ್ಮ ಸೌಟನ್ನು ಇನ್ನೊಂದು ಕೈಗೆ ಬದಲಿಸಿ, “ಮೆಷಿನ್ ತಪ್ಪಿರ್ಬೇಕು ಬಿಡಿ,” ಎಂದರು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಗಂಡನ ಎಡಗೈ ತಾಗಿ ಎರಡು ಲೋಟ ಉರುಳಿದ ದಿನದಿಂದ, ಆರು ವರ್ಷ, ಕಾಫಿಯನ್ನು ಬಲಗಡೆಗೇ ಇಡುತ್ತ ಬಂದವರು. ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಆಂಜಿನಯ್ಯ ತೆರೆಯನ್ನೇ ನೋಡುತ್ತಿದ್ದರು. ಪೆಟ್ಟಿಗೆಯೊಳಗೆ ಪುಟ್ಟ ಫ್ಯಾನು ಸದ್ದಿಲ್ಲದಷ್ಟು ಮೆಲ್ಲಗೆ ತಿರುಗುತ್ತಿತ್ತು. ಬೈಯಲು ಈಗ ಯಾರೂ ಉಳಿದಿರಲಿಲ್ಲ.

“ಇಲ್ಲ ಶೈಲು, ಮೆಷಿನ್ ಸರಿಯಾಗಿದೆ,” ಎಂದರು. “ಬಸ್ಸಲ್ಲಿ ಅರವತ್ತು ಜನ ಇರೋರು. ರಸ್ತೇಲಿ ಎಷ್ಟೋ. ಅವತ್ತು ನನ್ನನ್ನ ಇಳಿಸಿದ್ರಲ್ಲ, ಪುಣ್ಯ ಕಟ್ಕೊಂಡ್ರು.”

ಈ ಮಾತಿಗಾಗಿ ಶೈಲಜಮ್ಮ ಇಷ್ಟು ವರ್ಷ ಕಾದಿದ್ದರು. ಕೇಳಿದ ಮೇಲೆ ಮಾತ್ರ, ಕೇಳಬಾರದಿತ್ತು ಅನ್ನಿಸಿ ಕಣ್ಣು ತುಂಬಿ ಬಂತು.

ಅವರು ಸೌಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಸ್ಟೂಲು ಎಳೆದುಕೊಂಡು ಬಂದು ಗಂಡನ ಎಡಗಡೆ, ಭುಜಕ್ಕೆ ಭುಜ ತಾಗುವಂತೆ ಕೂತರು.

“ಮೊದಲಿಂದ ಹಾಕಿ.”

ಮಾರ್ಕೆಟ್ಟು ಬಂತು, ಬಾಗಿಲು ಮುಚ್ಚಿತು. ಆಂಜಿನಯ್ಯ ಹೊರಡಲಾರದೆ ಗುಂಡಿಯ ಮೇಲೆ ಬೆರಳಿಟ್ಟು ಕೂತೇ ಇದ್ದರು.

“ಎಡಗಡೆ ಯಾರೂ ಇಲ್ಲ, ಹೋಗಿ,” ಎಂದರು ಶೈಲಜಮ್ಮ.